ಗ್ಯಾನ ತಪ್ಪಿತು ಅಂತ ಬರೆದಿದ್ದೆ

ನಗರಗೆರೆ
7 ಜುಲೈ 2024, ಭಾನುವಾರ

ಸಂಘಮಿತ್ರ ಮೇಡಂ ಅವರಿಗೆ,

ನಾನು ನಲ್ಲಪ್ಪ, ಗಾರ್ಮೆಂಟ್ಸ್ ಗಾಡಿ ಡ್ರೈವರ್. ಶಿಬಿರದ ಮೂರನೇ ದಿನ ಬ್ಯಾಗು ಹೆಗಲಿಗೆ ಹಾಕ್ಕೊಂಡು ಹೊರಟವನು. ನೀವು ಗೇಟಿನ ತನಕ ಬಂದು "ಸಿಟ್ಟು ಮಾಡ್ಕೊಳ್ಳೋಕೆ ಇನ್ನೂ ಏಳು ದಿನ ಇದೆ, ಯಾಕೆ ಅವಸರ" ಅಂದ್ರಲ್ಲ, ಅವನೇ. ಕೊನೇ ದಿನ, ಹದಿನೈದು ದಿನಕ್ಕೊಂದು ಕಾಗದ ಹಾಕಬೇಕು ಅಂತ ಒಪ್ಪಿಸಿ ಕಳಿಸಿದ್ರಿ. ಫೋನಾದರೆ ಎರಡು ನಿಮಿಷದ ಕೆಲಸ. ಆದರೆ ನಿಮಗೆ ಕಿವಿ ಕೇಳಿಸಲ್ಲ, ನನ್ನ ಫೋನಲ್ಲಿ ಕನ್ನಡ ಮೂಡಲ್ಲ. ಏಳನೇ ಕ್ಲಾಸು ಬಿಟ್ಟ ಮೇಲೆ ಇಷ್ಟುದ್ದ ಬರೀತಿರೋದು ಇದೇ ಮೊದಲು.

ಹದಿನಾಲ್ಕು ದಿನ ಆಯ್ತು, ಒಂದು ದಿನವೂ ಬಿಟ್ಟಿಲ್ಲ. ನಾಲ್ಕೂವರೆಗೆ ಎದ್ದು ಮುಖ ತೊಳೆದು ಐದಕ್ಕೆ ಗ್ಯಾನಕ್ಕೆ ಕೂರ್ತೀನಿ, ಇಪ್ಪತ್ತು ನಿಮಿಷ. ಉಸಿರು ನೋಡು ಅಂದ್ರಿ, ನೋಡ್ತೀನಿ. ಆರಕ್ಕೆ ಗಾಡಿ ತೆಗೀಬೇಕು. ಈ ಕಡೆ ಹಳ್ಳಿಗಳಿಂದ ಇಪ್ಪತ್ನಾಲ್ಕು ಜನ ಹೆಂಗಸರು ಹತ್ತುತ್ತಾರೆ. ಅವರನ್ನ ಗೌರಿಬಿದನೂರಿನ ಫ್ಯಾಕ್ಟರಿಗೆ ಬಿಟ್ಟು, ಸಾಯಂಕಾಲ ವಾಪಸ್ ಕರ್ಕೊಂಡು ಬರೋದು ನನ್ನ ಕೆಲಸ.

ಯಾಕೆ ಬಂದ್ರಿ ಅಂತ ಶಿಬಿರದಲ್ಲಿ ನೀವು ಕೇಳಿದಾಗ ನೆಮ್ಮದಿಗೆ ಅಂತ ಬರೆದು ತೋರಿಸಿದ್ದೆ. ಅದು ಸುಳ್ಳು. ಏಪ್ರಿಲ್‌ನಲ್ಲಿ ಅಡ್ಡ ಬಂದ ಬೈಕಿನವನ ಕೆನ್ನೆಗೆ ಬಾರಿಸಿದೆ. ಮ್ಯಾನೇಜರ್ ಮಧುಸೂದನ್ ಕರೆದು, "ನೋಡಪ್ಪ, ಸಿಟ್ಟು ಬಿಡ್ತೀಯೋ ಸ್ಟೇರಿಂಗ್ ಬಿಡ್ತೀಯೋ ನೀನೇ ಹೇಳು. ಇನ್ನೊಂದು ಕಂಪ್ಲೇಂಟ್ ಬಂದ್ರೆ ಮನೆಗೆ ಹೋಗ್ತಾ ಇರು" ಅಂದ್ರು. ಐವತ್ತೆರಡು ವರ್ಷದವನಿಗೆ ಬೇರೆ ಯಾರು ಗಾಡಿ ಕೊಡ್ತಾರೆ? ನನಗೆ ಇನ್ನೊಂದು ಕೆಲಸ ಬರಲ್ಲ. ಅದಕ್ಕೇ ಈ ಗ್ಯಾನ.

ಮನೆಯಾಕೆ ಮುನಿಶಾಮಮ್ಮ, "ಕಣ್ಣು ಮುಚ್ಕೊಂಡ್ರೆ ಸಿಟ್ಟು ಹೋಗೋದಾದ್ರೆ ನಿದ್ದೆ ಮಾಡೋರೆಲ್ಲ ದೇವ್ರಾಗ್ಬೇಕಿತ್ತು" ಅಂತಾಳೆ. ಅವಳ ಮಾತು ಬಿಡಿ.

ನಲ್ಲಪ್ಪ

*

ಮುರುಗಮಲ್ಲ
12 ಜುಲೈ 2024

ನಲ್ಲಪ್ಪನವರೇ,

ಮೂವತ್ತು ವರ್ಷ ಕನ್ನಡ ಪಾಠ ಹೇಳಿದವಳು ನಾನು. ನಿಮ್ಮ ಕಾಗದ ಬಿಡಿಸಿದ ಕೂಡಲೇ ಕೈ ಕೆಂಪು ಪೆನ್ನಿಗೆ ಹೋಯಿತು. ಅದು ಗ್ಯಾನ ಅಲ್ಲ, ಧ್ಯಾನ. ಗ್ಯಾನ ಅಂತ ಜನ ಅನ್ನುವುದು ಜ್ಞಾನಕ್ಕೆ. ತಿದ್ದೋಣ ಅಂತ ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿಬಿಟ್ಟೆ. ಬೆಳಗ್ಗೆ ಐದಕ್ಕೆ ಎದ್ದು ಕೂರುವ ಮನುಷ್ಯ ಯಾವ ಅಕ್ಷರದಲ್ಲಿ ಬರೆದರೇನು? ನಮ್ಮಿಬ್ಬರ ಕಾಗದದಲ್ಲಿ ಗ್ಯಾನ ಅಂದರೆ ಧ್ಯಾನ. ಮುಗಿಯಿತು.

ನೆಮ್ಮದಿಗೆ ಅಂತ ನೀವು ಬರೆದು ತೋರಿಸಿದಾಗಲೇ ನಾನು ನಂಬಿರಲಿಲ್ಲ. ಕೆಲಸ ಉಳಿಸಿಕೊಳ್ಳಲು ಕೂತರೂ ಉಸಿರು ಉಸಿರೇ. ಅದೇ ಜಾಗ, ಅದೇ ಹೊತ್ತು, ಇವೆರಡನ್ನು ಬಿಡಬೇಡಿ. ಚೆನ್ನಾಗಿ ಆಯಿತಾ ಇಲ್ಲವಾ ಅಂತ ಎದ್ದ ಮೇಲೆ ಕೇಳಿಕೊಳ್ಳಬೇಡಿ. ಕೂತಿರಾ, ಅಷ್ಟೇ ಸಾಕು.

ನಾನೂ ಐದಕ್ಕೇ ಕೂರುತ್ತೇನೆ. ಎರಡು ತಾಲ್ಲೂಕಿನಾಚೆ ಇನ್ನೊಬ್ಬರು ಕೂತಿದ್ದಾರೆ ಅಂದುಕೊಳ್ಳಿ, ಏಳಲು ನಾಚಿಕೆಯಾಗುತ್ತದೆ.

ಸಂಘಮಿತ್ರ

*

ನಗರಗೆರೆ
21 ಜುಲೈ 2024

ಮೇಡಂ,

ಒಂದು ವಿಷಯ ಕೇಳಬೇಕು. ಮನೇಲಿ ಹೇಳಿಲ್ಲ, ಫ್ಯಾಕ್ಟರೀಲೂ ಹೇಳಿಲ್ಲ. ನಿಮಗೆ ಮಾತ್ರ.

ಈ ವಾರ ಎರಡು ಸಲ ಗ್ಯಾನ ತಪ್ಪಿತು. ಬುಧವಾರ ಒಂದು ಸಲ, ಶನಿವಾರ ಒಂದು ಸಲ. ಎರಡು ಸಲವೂ ಬೆಳಗ್ಗೆ ಹೊತ್ತು, ಎದ್ದ ತಕ್ಷಣ. ಎಷ್ಟು ಹೊತ್ತು ಹಂಗೇ ಹೋಯ್ತೋ ಗೊತ್ತಾಗಲಿಲ್ಲ. ಶನಿವಾರ ನೋಡಿದರೆ ಗಡಿಯಾರದಲ್ಲಿ ಐದೂಕಾಲು. ಮುನಿಶಾಮಮ್ಮ ಹಿತ್ತಲಲ್ಲಿದ್ದಳು, ನೋಡಲಿಲ್ಲ.

ಇದು ಎಲ್ಲರಿಗೂ ಆಗುತ್ತಾ? ಯಾರಿಗಾದರೂ ಹೇಳಬೇಕಾ? ನನಗೆ ಭಯ ಆಗ್ತಿದೆ ಮೇಡಂ. ಮಧುಸೂದನ್‌ಗೆ ಗೊತ್ತಾದರೆ ಅವತ್ತೇ ಕೀ ಇಸ್ಕೊಳ್ತಾರೆ.

ಬೇಗ ಬರೀರಿ.

ನಲ್ಲಪ್ಪ

*

ಮುರುಗಮಲ್ಲ
26 ಜುಲೈ 2024

ನಲ್ಲಪ್ಪನವರೇ,

ಇಷ್ಟಕ್ಕೆಲ್ಲ ಭಯವಾ! ಬೈಕಿನವನಿಗೆ ಬಾರಿಸುವಾಗ ಆಗದ ಭಯ ಎರಡು ದಿನ ತಪ್ಪಿದ್ದಕ್ಕೆ ಆಯಿತಾ? ಓದುತ್ತಾ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ.

ಎಲ್ಲರಿಗೂ ಆಗುತ್ತದೆ. ನನಗೆ ಮೊದಲ ವರ್ಷ ವಾರಕ್ಕೆ ಮೂರು ನಾಲ್ಕು ಸಲ ತಪ್ಪುತ್ತಿತ್ತು. ನಿಮ್ಮ ಹಾಗೇ ಯಾರಿಗೂ ಹೇಳುತ್ತಿರಲಿಲ್ಲ. ಆಮೇಲೆ ತಾನಾಗಿ ಸರಿಹೋಯಿತು. ದೊಡ್ಡದೇನಲ್ಲ. ತಪ್ಪಿತು ಅಂತ ಕೊರಗುತ್ತಾ ಕೂರುವುದೇ ದೊಡ್ಡ ತೊಂದರೆ. ಮನೆಯಲ್ಲೂ ಹೇಳಬೇಡಿ, ಇನ್ನೂ ಗಟ್ಟಿಯಾಗದ ಅಭ್ಯಾಸವನ್ನು ನಾಲ್ಕು ಜನರ ಬಾಯಿಗೆ ಕೊಡಬಾರದು. ಫ್ಯಾಕ್ಟರಿಯವರಿಗೆ ಇದು ಯಾಕೆ ಬೇಕು?

ಹೇಗೆ ತಪ್ಪಿತು, ಯಾಕೆ ತಪ್ಪಿತು ಅಂತ ಹುಡುಕುತ್ತಾ ಹೋಗಬೇಡಿ. ಮಾರನೇ ದಿನ ಎದ್ದು ಎಂದಿನ ಹಾಗೆ ಕೂರಿ, ಎಂದಿನ ಹಾಗೆ ಕೆಲಸಕ್ಕೆ ಹೋಗಿ.

ಸಂಘಮಿತ್ರ

*

ನಗರಗೆರೆ
11 ಆಗಸ್ಟ್ 2024

ಮೇಡಂ,

ನಿಮಗೇ ವಾರಕ್ಕೆ ಮೂರು ನಾಲ್ಕು ಸಲ ತಪ್ಪುತ್ತಿತ್ತು ಅಂತ ಓದಿ ಎದೆ ಮೇಲಿನ ಕಲ್ಲು ಇಳಿದಂಗಾಯ್ತು. ಕಾಗದ ಗಾಡಿಯಲ್ಲೇ ಇಟ್ಕೊಂಡಿದ್ದೀನಿ, ಭಯ ಆದಾಗ ತೆಗೆದು ಓದ್ತೀನಿ. ನಿಮ್ಮಂಥವರಿಗೇ ಆಗಿ ಹೋದದ್ದು ನನಗೆ ಆಗದೆ ಇರುತ್ತಾ?

ಆಮೇಲೂ ಮೂರು ಸಲ ತಪ್ಪಿತು. ಹೋದ ಸೋಮವಾರ ಗಾಡಿಯಲ್ಲೇ. ಊರಿನ ಕೆರೆ ಏರಿ ಮೇಲೆ ಹೋಗ್ತಿದ್ದೆ, ಒಂದು ಗಳಿಗೆ ತಪ್ಪಿ ಮತ್ತೆ ಬಂತು. ಏನೂ ಆಗಲಿಲ್ಲ. ನೀವು ಹೇಳಿದಂಗೆ ಯಾಕೆ ಅಂತ ಹುಡುಕಲಿಲ್ಲ, ಹೋಗ್ತಾ ಇದ್ದೆ.

ಸಿಟ್ಟು ಕಮ್ಮಿ ಆಗಿರೋದು ನಿಜ. ಈ ತಿಂಗಳು ಒಬ್ಬರಿಗೂ ಬೈದಿಲ್ಲ. ಬೆಳಗ್ಗೆ ಕೂತಾಗ ಉಸಿರು ತಣ್ಣಗೆ ಬರೋದು, ಬೆಚ್ಚಗೆ ಹೋಗೋದು ಗೊತ್ತಾಗುತ್ತೆ. ಇಪ್ಪತ್ತು ನಿಮಿಷ ಸಾಕಾ, ಜಾಸ್ತಿ ಮಾಡಬೇಕಾ?

ನಲ್ಲಪ್ಪ

*

ಮುರುಗಮಲ್ಲ
16 ಆಗಸ್ಟ್ 2024

ನಲ್ಲಪ್ಪನವರೇ,

ತಣ್ಣಗೆ ಬಂದು ಬೆಚ್ಚಗೆ ಹೋಗುತ್ತದೆ ಅಂತ ಬರೆದಿದ್ದೀರಲ್ಲ, ಆ ಸಾಲನ್ನು ಎರಡು ಸಲ ಓದಿದೆ. ಹತ್ತು ವರ್ಷ ಕೂತವರಿಗೂ ಅಷ್ಟು ಸರಳವಾಗಿ ಹೇಳಲು ಬರುವುದಿಲ್ಲ.

ಗಾಡಿ ಓಡಿಸುವಾಗಲೂ ಅಭ್ಯಾಸ ಮಾಡುತ್ತಿದ್ದೀರಿ ಅಂತಾಯಿತು. ರಸ್ತೆಯ ಕಡೆ ಗಮನ ಇದ್ದರೆ ಸಾಕು, ಅದೇ ಅಲ್ಲಿಯ ಧ್ಯಾನ. ತಪ್ಪಿದ್ದು ಗೊತ್ತಾಯಿತು, ಮತ್ತೆ ಬಂತು. ಈ ಮತ್ತೆ ಬರುವುದನ್ನೇ ನಾವು ಕಲಿಯುತ್ತಿರುವುದು. ಇನ್ನು ಮುಂದೆ ಕಾಗದದಲ್ಲಿ ಎಷ್ಟು ಸಲ ತಪ್ಪಿತು ಅಂತ ಬರೆಯಲೇಬೇಡಿ.

ನಾಲ್ಕಕ್ಕೆ ಎದ್ದು ನಲವತ್ತು ನಿಮಿಷ ಮಾಡಿ. ಹೊಟ್ಟೆಗೇನೂ ಹಾಕಿಕೊಳ್ಳದೆ ಕೂರಿ.

ಸಂಘಮಿತ್ರ

*

ಚಿಂತಾಮಣಿ, ಆಸ್ಪತ್ರೆ
20 ಆಗಸ್ಟ್ 2024, ಮಂಗಳವಾರ, ಬೆಳಗ್ಗೆ 11 ಗಂಟೆ

ನಲ್ಲಪ್ಪನವರೇ, ಗಾಡಿ ತೆಗೆಯಬೇಡಿ.

ಮೊದಲು ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಆಮೇಲೆ ಮುಂದಕ್ಕೆ ಓದಿ.

ಬೆಳಗ್ಗೆ ನಮ್ಮ ಪಕ್ಕದ ಮನೆಯ ಓಬಳಮ್ಮ ಬಾವಿ ಕಟ್ಟೆಯ ಹತ್ತಿರ ಬಿದ್ದುಬಿಟ್ಟರು. ಅವರ ಮಗಳು ಹರಿಣಿ ಓಡಿಬಂದು ನನ್ನ ಬಾಗಿಲು ಬಡಿದಳು. ನನಗೆ ಏನು ಹೇಳಬೇಕಾದರೂ ಜನ ಒಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಾರೆ. ಅವಳು ಅದರಲ್ಲಿ ಬರೆದಳು: ಅಮ್ಮನಿಗೆ ಗ್ಯಾನ ತಪ್ಪಿದೆ.

ಅಕ್ಷರ ಅಕ್ಷರ ನಿಮ್ಮ ಸಾಲೇ. ಎಚ್ಚರ ತಪ್ಪುವುದಕ್ಕೆ ನಮ್ಮ ಕಡೆ ಹಾಗೇ ಅನ್ನುತ್ತಾರೆ. ಇದೇ ಸೀಮೆಯಲ್ಲಿ ಹುಟ್ಟಿದ ನನಗೆ ಅದು ಗೊತ್ತಿತ್ತು. ಆರು ವರ್ಷದಿಂದ ಆಡುಮಾತು ಕಿವಿಗೆ ಬಿದ್ದಿಲ್ಲ, ಜೊತೆಗೆ ಗ್ಯಾನ ಅಂದರೆ ಧ್ಯಾನ ಅಂತ ಅಪ್ಪಣೆ ಕೊಡಿಸಿದವಳೂ ನಾನೇ. ನೀವು ಬೆಳಗ್ಗೆ ಕೂರುವುದನ್ನು ತಪ್ಪಿಸಿದಿರಿ ಅಂತ ಓದಿಕೊಂಡೆ. ನೀವು ಎಚ್ಚರ ತಪ್ಪಿ ಬೀಳುತ್ತಿದ್ದೀರಿ. ಹೌದಾ? ಹೌದಾದರೆ ನಾನು ಈವರೆಗೆ ಬರೆದದ್ದೆಲ್ಲ ವಿಷ. ನನಗೆ ಒಂದು ಸಲವೂ ಎಚ್ಚರ ತಪ್ಪಿಲ್ಲ. ಶುಕ್ರವಾರ ಹಾಕಿದ ಕಾಗದ ಇಷ್ಟರಲ್ಲಿ ಸೇರಿರಬೇಕು, ಅದನ್ನು ನಂಬಬೇಡಿ. ಅಷ್ಟು ಬೇಗ ಏಳಬೇಡಿ, ಬರೀ ಹೊಟ್ಟೆಯಲ್ಲಿ ಇರಬೇಡಿ. ಇವತ್ತೇ ಡಾಕ್ಟರ್ ಹತ್ತಿರ ಹೋಗಿ.

ಓಬಳಮ್ಮನನ್ನು ಇಲ್ಲಿ ಸೇರಿಸಿದ್ದೇವೆ, ಹರಿಣಿ ಒಬ್ಬಳೇ, ಬಿಟ್ಟು ಬರಲಾರೆ. ನಿಮ್ಮ ನಂಬರ್ ನಾನು ತೆಗೆದುಕೊಂಡೇ ಇಲ್ಲ. ಓಬಳಮ್ಮನ ಅಳಿಯ ಚನ್ನಕೇಶವ ಗೌರಿಬಿದನೂರಿಗೆ ಹೋಗುವ ಬಸ್ಸಿನ ಕಂಡಕ್ಟರು. ಒಂದು ಗಂಟೆಗೆ ಹೊರಡುತ್ತಾನೆ, ಸಾಯಂಕಾಲದ ಟ್ರಿಪ್ಪಿಗೆ ಮುಂಚೆ ಫ್ಯಾಕ್ಟರಿ ಗೇಟಿನಲ್ಲಿ ನಿಮ್ಮ ಕೈಗೇ ಇದನ್ನು ಕೊಡುತ್ತಾನೆ.

ಐದು ಗಂಟೆಯೊಳಗೆ ಕಾಗದ ಮುಟ್ಟಿತು ಅಂತ ಅವನಿಂದ ಫೋನ್ ಬರಬೇಕು. ಹರಿಣಿ ಫ್ಯಾಕ್ಟರಿಯ ನಂಬರ್ ಹುಡುಕಿಟ್ಟಿದ್ದಾಳೆ, ಬಾರದಿದ್ದರೆ ಅವಳ ಕೈಲಿ ನಿಮ್ಮ ಮ್ಯಾನೇಜರಿಗೆ ಫೋನ್ ಮಾಡಿಸುತ್ತೇನೆ. ನಿಮ್ಮ ಕೆಲಸ ಹೋಗುತ್ತದೆ ಅಂತ ಗೊತ್ತು. ಹೋದರೂ ಮಾಡಿಸುತ್ತೇನೆ.

ಸಂಘಮಿತ್ರ

*

ನಗರಗೆರೆ
1 ಸೆಪ್ಟೆಂಬರ್ 2024

ಮೇಡಂ,

ನಿಮಗೆ ಬರೀಬಾರದು ಅಂತ ಮುನಿಶಾಮಮ್ಮ ಆಣೆ ಹಾಕಿದ್ದಾಳೆ. ಬೈಯೋದಕ್ಕಾದರೂ ಬರೀಬೇಕು ಅಂತ ಕೂತಿದ್ದೀನಿ.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಪಂಕ್ಚರ್ ಆಗಿ ಚನ್ನಕೇಶವ ಬಂದಾಗ ಐದೂವರೆ. ಅಷ್ಟರಲ್ಲಿ ನಿಮ್ಮ ಫೋನು ಮುಂಚೆ ಬಂದಿತ್ತು. ಹೆಂಗಸರೆಲ್ಲ ಹತ್ತಿ ಕೂತಿದ್ರು, ನಾನು ಸ್ಟಾರ್ಟ್ ಮಾಡಿದ್ದೆ. ಮಧುಸೂದನ್ ಆಫೀಸಿಂದ ಓಡಿ ಬಂದು ಕಿಟಕಿಯೊಳಗೆ ಕೈ ಹಾಕಿ ಕೀ ಕಿತ್ಕೊಂಡ್ರು. "ನಿನಗೆ ಗ್ಯಾನ ತಪ್ಪುತ್ತಂತಲ್ಲೋ, ಹೌದೋ ಅಲ್ವೋ?" ಅಂತ ಎಲ್ಲರ ಮುಂದೆ ಕೇಳಿದ್ರು. ಅಲ್ಲ ಅನ್ನೋಕೆ ಬಾಯಿ ತೆಗೆದೆ.

ಮುಂದಿನ ಸೀಟಲ್ಲಿದ್ದ ಆಶಾರಾಣಿ "ಹೌದು ಸಾರ್" ಅಂದಳು.

ಕೆರೆ ಏರಿ ಮೇಲೆ ಏನೂ ಆಗಲಿಲ್ಲ ಅಂತ ನಿಮಗೆ ಬರೆದಿದ್ದೆ. ಆಗಿತ್ತು. ನನ್ನ ತಲೆ ಸ್ಟೇರಿಂಗ್ ಮೇಲೆ ಬಿದ್ದಿತ್ತಂತೆ, ಎಡಗಡೆ ಚಕ್ರ ಟಾರು ಬಿಟ್ಟು ಇಳಿದಿತ್ತು. ಹಿಂದಿನಿಂದ ಬಗ್ಗಿ ಸ್ಟೇರಿಂಗ್ ಎಳೆದವಳು ಆಶಾರಾಣಿ. ಕಣ್ಣು ಬಿಟ್ಟಾಗ ನಾನು ನಿದ್ದೆ ಬಂತು ಅಂದೆ, ಅವರು ಹೂಂ ಅಂದ್ರು. ಅವತ್ತಿಂದ ಪಾಳಿ ಹಾಕ್ಕೊಂಡಿದ್ದಾರೆ ಮೇಡಂ. ದಿನಾ ಒಬ್ಬಳು ಮುಂದೆ ಕೂತು, ಹ್ಯಾಂಡ್‌ಬ್ರೇಕ್ ಹತ್ತಿರ ಕೈ ಇಟ್ಕೊಂಡು, ಅದೂ ಇದೂ ಮಾತಾಡಿಸ್ತಾ ನನ್ನ ಮುಖ ನೋಡ್ತಾ ಬರೋದು. ನನ್ನ ಸಿಟ್ಟು ಇಳಿದಿದೆ, ಅದಕ್ಕೇ ಹೆಂಗಸರು ಧೈರ್ಯವಾಗಿ ಪಕ್ಕದಲ್ಲಿ ಕೂತು ಮಾತಾಡಿಸ್ತಾರೆ ಅಂತ ನಾನು ಅಂದ್ಕೊಂಡಿದ್ದೆ. ಗ್ಯಾನದ ಫಲ ಅಂತ ಒಳಗೊಳಗೇ ಬೀಗಿದ್ದೆ.

"ಯಾಕಮ್ಮ ಯಾರಿಗೂ ಹೇಳಲಿಲ್ಲ" ಅಂತ ಕೇಳಿದೆ. "ಚೆಪ್ತೇ ನೀ ಪನಿ ಪೋತದಿ ಕದನ್ನಾ, ಹೇಳಿದ್ರೆ ನಿನ್ ಕೆಲ್ಸ ಹೋಗ್ತದಲ್ಲ" ಅಂತ ಅತ್ತಳು. ಅವಳಿಗೆ ಎರಡು ಚಿಕ್ಕ ಮಕ್ಕಳಿವೆ.

ಆಸ್ಪತ್ರೇಲಿ ಎದೆಗೆ ವೈರು ಅಂಟಿಸಿ ಒಂದು ದಿನ ಪೂರ್ತಿ ಮೆಷಿನ್ ಕಟ್ಟಿದ್ರು. ನಾಲ್ಕು ಸಲ ಬಡಿತ ನಿಂತು ಹೊಡ್ಕೊಂಡಿದೆ, ಒಂದು ಸಲ ಐದು ಸೆಕೆಂಡ್. ಪೇಸ್‌ಮೇಕರ್ ಹಾಕಬೇಕಂತೆ. ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಡಾಕ್ಟರು ಕೇಳಿದ್ರು. ಜುಲೈನಲ್ಲೇ ಆಸ್ಪತ್ರೆಗೆ ಹೋಗೋಕೆ ಅರ್ಧ ದಿನ ರಜ ಕೇಳಿದ್ದೆ ಮೇಡಂ. ನಿಮ್ಮ ಕಾಗದ ಬಂತು, ರಜ ಬೇಡ ಅಂದೆ.

ಕೆರೆ ತುಂಬಿತ್ತು. ಇಪ್ಪತ್ನಾಲ್ಕು ಜನ.

ಬೆಳಗ್ಗೆ ಐದಕ್ಕೆ ಎಚ್ಚರ ಆಗುತ್ತೆ. ಕೂರಲ್ಲ. ಗೋಡೆ ಕಡೆ ತಿರುಗಿ ಮಲಗ್ತೀನಿ.

ನಲ್ಲಪ್ಪ

*

ಮುರುಗಮಲ್ಲ
6 ಸೆಪ್ಟೆಂಬರ್ 2024

ನಲ್ಲಪ್ಪನವರೇ,

ಎರಡು ಕಾಗದ ಬರೆದು ಹರಿದೆ. ಎರಡರಲ್ಲೂ ಕ್ಷಮಿಸಿ ಅನ್ನುವ ಮಾತೇ ತುಂಬಿತ್ತು. ಅದರಿಂದ ನಿಮಗೇನೂ ಸಿಗುವುದಿಲ್ಲ. ನಿಜ ಬರೆಯುತ್ತೇನೆ.

ಐದಕ್ಕೆ ನಾನೂ ಕೂರುತ್ತೇನೆ ಅಂತ ಬರೆದಿದ್ದೆ. ಸುಳ್ಳು. ಫೆಬ್ರವರಿಯಿಂದ ನಾನು ಒಂದು ದಿನವೂ ಕೂತಿಲ್ಲ. ಕೇಳಿಸದ ಕಿವಿಯೊಳಗೆ ಆಗಿನಿಂದ ಒಂದು ಶಬ್ದ ಶುರುವಾಗಿದೆ, ರಾಗಿ ಮಿಲ್ಲು ಓಡುವ ಹಾಗೆ. ಕಣ್ಣು ಮುಚ್ಚಿದರೆ ಜೋರಾಗುತ್ತದೆ. ಅದಕ್ಕೆ ಹೆದರಿ ಇವತ್ತು ತಪ್ಪಿಸಿದೆ, ನಾಳೆ ತಪ್ಪಿಸಿದೆ, ಆಮೇಲೆ ತಪ್ಪಿಸುವುದೇ ಅಭ್ಯಾಸವಾಯಿತು. ಶಿಬಿರದಲ್ಲಿ ನಿಮ್ಮೆಲ್ಲರ ಎದುರು ಕಣ್ಣು ಮುಚ್ಚಿ ಕೂತಿದ್ದೆನಲ್ಲ, ಆಗ ಒಂದು ಉಸಿರನ್ನೂ ನೋಡಲಿಲ್ಲ. ಗಂಟೆ ಯಾವಾಗ ಮುಗಿಯುತ್ತದೆ ಅಂತ ಕಾಯುತ್ತಿದ್ದೆ.

ನಿಮ್ಮ ಕಾಗದದಲ್ಲಿ ತಪ್ಪಿತು ಅಂತ ಕಂಡ ಕೂಡಲೇ ನನ್ನದನ್ನೇ ಓದಿಕೊಂಡೆ. ಎದ್ದ ತಕ್ಷಣ ಅಂದಿದ್ದಿರಿ, ಗೊತ್ತಾಗಲಿಲ್ಲ ಅಂದಿದ್ದಿರಿ, ಭಯ ಅಂದಿದ್ದಿರಿ. ನಿದ್ದೆ ಜಾಸ್ತಿಯಾದವನು ಅಷ್ಟು ಹೆದರುತ್ತಾನಾ ಅಂತ ಕೇಳಿಕೊಳ್ಳಬೇಕಿತ್ತು. ನನಗೆ ನಾನೇ ಹೇಳಿಕೊಳ್ಳಬೇಕಿದ್ದ ಸಮಾಧಾನವನ್ನು ನಿಮಗೆ ಬರೆದು ಕಳಿಸಿದೆ. ಕಿವುಡಿಯಾದ್ದರಿಂದ ತಪ್ಪಿದ್ದಲ್ಲ ಇದು.

ಫೋನ್ ಮಾಡಿಸಿದ್ದಕ್ಕೆ ಮಾತ್ರ ನನಗೆ ಪಶ್ಚಾತ್ತಾಪ ಇಲ್ಲ.

ಸಂಘಮಿತ್ರ

*

ನಗರಗೆರೆ
15 ಸೆಪ್ಟೆಂಬರ್ 2024

ಮೇಡಂ,

ಗುರುವಾರ ಬೆಂಗಳೂರಲ್ಲಿ ಆಪರೇಷನ್, ಬೆಳಗ್ಗೆ ಎಂಟಕ್ಕೆ. ಭುಜದ ಕೆಳಗೆ ಕೊಯ್ದು ಮೆಷಿನ್ ಇಡ್ತಾರೆ. ದೊಡ್ಡದೇನಲ್ಲ ಅಂತಾರೆ. ದೊಡ್ಡದೇನಲ್ಲ ಅಂತ ನಿಮ್ಮ ಕಾಗದದಲ್ಲೂ ಓದಿದ್ದೆ.

ನೀವು ಕೂರ್ತಾನೇ ಇಲ್ಲ ಅಂತ ಓದಿ ಎರಡು ದಿನ ಉರಿದೆ. ಬೈಕಿನವನಿಗಿಂತ ಜಾಸ್ತಿ ನಿಮಗೆ ಬಾರಿಸಬೇಕು ಅನ್ನಿಸಿತು. ಮೂರನೇ ದಿನ ಬೆಳಗ್ಗೆ ಎದ್ದು ಕೂತೆ. ಇಪ್ಪತ್ತು ನಿಮಿಷವೂ ನಿಮ್ಮನ್ನ ಬೈದೆ. ಉಸಿರು ಎಲ್ಲೋ ಹೋಗಿತ್ತು.

ನನಗೆ ಭಯ ಆಗ್ತಿದೆ. ಉಪದೇಶ ಬೇಡ. ಗುರುವಾರ ಐದಕ್ಕೆ ಆಸ್ಪತ್ರೆ ಮಂಚದ ಮೇಲೆ ಕೂರ್ತೀನಿ, ಬೇರೆ ಏನು ಮಾಡಬೇಕು ಅಂತ ಗೊತ್ತಿಲ್ಲ. ನೀವೂ ಕೂತ್ಕೊಳ್ಳಿ. ಕೂತ್ರಾ ಇಲ್ವಾ, ನಿಜ ಬರೀರಿ. ಸುಳ್ಳು ಬರೆದ್ರೆ ಇದೇ ಕೊನೆ ಕಾಗದ.

ನಲ್ಲಪ್ಪ

*

ಮುರುಗಮಲ್ಲ
19 ಸೆಪ್ಟೆಂಬರ್ 2024, ಗುರುವಾರ

ನಲ್ಲಪ್ಪನವರೇ,

ಕೂತೆ. ನಿಮ್ಮ ಕಾಗದ ಸೇರಿದ್ದು ನಿನ್ನೆ, ಅದಕ್ಕೂ ಮುಂಚೆ ನಾನಾಗಿಯೇ ಸೋಮವಾರದಿಂದ ಮೂರು ದಿನ ಪ್ರಯತ್ನ ಮಾಡಿ, ಶಬ್ದಕ್ಕೆ ಹೆದರಿ ಎದ್ದುಬಿಟ್ಟಿದ್ದೆ. ಇವತ್ತು ಹನ್ನೊಂದು ನಿಮಿಷ. ಇಪ್ಪತ್ತು ಆಗಲಿಲ್ಲ. ಮಿಲ್ಲು ಓಡುತ್ತಲೇ ಇತ್ತು, ಎಂಟು ಗಂಟೆಯ ಯೋಚನೆಯೂ ಇತ್ತು.

ಈಗ ಹತ್ತು ಗಂಟೆ. ಅಲ್ಲಿ ಏನಾಯಿತು ಅಂತ ನನಗೆ ಗೊತ್ತಾಗುವ ದಾರಿ ಇಲ್ಲ. ನೀವು ಬರೆಯಲಾಗದಿದ್ದರೆ ಮುನಿಶಾಮಮ್ಮ ಬೈದಾದರೂ ಒಂದು ಸಾಲು ಬರೆಯಲಿ.

ಸಂಘಮಿತ್ರ

*

ನಗರಗೆರೆ
6 ಅಕ್ಟೋಬರ್ 2024

ಸಂಘಮಿತ್ರಮ್ಮನವರಿಗೆ,

ಬರೀತಿರೋದು ಮುನಿಶಾಮಮ್ಮ. ನಾನೂ ಏಳನೇ ಕ್ಲಾಸೇ.

ಆಪರೇಷನ್ ಆಯ್ತು. ಅವರು ಬದುಕಿದ್ದಾರೆ. ಎಡಗೈ ಎತ್ತಬಾರದು ಅಂದಿದ್ದಾರೆ, ಅದಕ್ಕೇ ಊಟ ತಿಂಡಿಗೆಲ್ಲ ನನ್ನ ಮೇಲೆ ರೇಗಾಡ್ತಾರೆ. ಗಾಡಿ ಮುಟ್ಟಂಗಿಲ್ಲ. ಫ್ಯಾಕ್ಟರಿ ಗೇಟಲ್ಲಿ ಕೂರೋ ಕೆಲಸ ಕೊಡ್ತೀನಿ ಅಂತ ಮ್ಯಾನೇಜರು ಬಂದು ಹೇಳಿದ್ರು. ಗೇಟಲ್ಲಿ ಕೂತು ಬೇರೆಯವನು ನನ್ನ ಗಾಡಿ ಓಡಿಸೋದು ನೋಡ್ಬೇಕಾ ಅಂತ ಇವರು ಅವರ ಮುಂದೆ ಕೂಗಾಡಿದ್ರು. ಹೋಗ್ತಾರೋ ಇಲ್ವೋ ಗೊತ್ತಿಲ್ಲ.

ನಿಮ್ಮ ಕಾಗದ ನಾನೇ ಓದಿ ಹೇಳಿದೆ. ಇನ್ಮೇಲೆ ನಿಮ್ಮ ಕಾಗದ ಮೊದಲು ನಾನು ಓದ್ತೀನಿ. ಅರ್ಥ ಆಗದ ಮಾತು ಇದ್ರೆ ಅವರಿಗೆ ಕೊಡಲ್ಲ. ನಿಮ್ಮ ಮೇಲೆ ನನಗೆ ಸಿಟ್ಟು ಹೋಗಿಲ್ಲ, ಹೋಗೋದೂ ಇಲ್ಲ. ಆದರೆ ಅವತ್ತು ನೀವು ಫೋನ್ ಮಾಡಿಸದೆ ಇದ್ದಿದ್ರೆ ಇದನ್ನ ಬರೆಯೋಕೆ ನಾನು ಕೂರ್ತಿರಲಿಲ್ಲ.

ಅವರು ಬೆಳಗ್ಗೆ ಐದಕ್ಕೆ ಕೂರ್ತಾರೆ. ನಾನು ಬೇಡ ಅನ್ನಲ್ಲ. ಅವರ ಎದುರಿಗೆ ಗೋಡೆಗೆ ಒರಗಿ ಕೂತ್ಕೊಂಡು ಎದೆ ನೋಡ್ತೀನಿ. ಏಳ್ತಾ ಇದೆಯಾ, ಇಳೀತಾ ಇದೆಯಾ, ಅಷ್ಟೇ ನೋಡೋದು. ಒಲೆ ಮೇಲೆ ಹಾಲಿಟ್ಟಿದ್ರೂ ಏಳಲ್ಲ. ಆಸ್ಪತ್ರೆಯಿಂದ ಬಂದು ಹದಿನಾಲ್ಕು ದಿನ ಆಯ್ತು, ಹದಿನಾಲ್ಕು ದಿನವೂ ಹಿಂಗೇ. ಈ ಕಡೆ ತಿರುಗಿದ್ರೆ ಅಷ್ಟರಲ್ಲಿ ನಿಂತೋಗುತ್ತೇನೋ ಅಂತ ಭಯ.

ಈ ಭಯ ಎಷ್ಟು ದಿನಕ್ಕೆ ಹೋಗುತ್ತೆ? ಗೊತ್ತಿದ್ರೆ ಬರೀರಿ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತಲೇ ಬರೀರಿ.

ಮುನಿಶಾಮಮ್ಮ